ಏಳನೇ ನಂಬರಿನ ಜೇಡ

ಕಲಬುರಗಿಯ ಬ್ರಹ್ಮಪುರದ ಆ ಓಣಿಯಲ್ಲಿ ಯಾರ ಮನೆಯ ಕೂಸು ರಚ್ಚೆ ಹಿಡಿದರೂ, ಯಾರ ಸೊಂಟ ಉಳುಕಿದರೂ ಮೊದಲು ಸುದ್ದಿ ಹೋಗುತ್ತಿದ್ದುದು ಸುನಂದಾಗೆ. ಡಾಕ್ಟರು, ಔಷಧಿ ಅಂಗಡಿ ಎಲ್ಲ ಆಮೇಲೆ. ಸುದ್ದಿ ಬಂದ ಮೇಲೆ ಸುಮ್ಮನೆ ಕೂಡುವ ಹೆಂಗಸೂ ಆಕೆಯಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಜವಾನವೋ ಅರಿಶಿನವೋ ಕೈಯಲ್ಲಿ ಹಿಡಿದುಕೊಂಡೇ ಹೊಸ್ತಿಲು ದಾಟುವಳು. ನಲವತ್ತೇಳು ವರ್ಷದ ಬಾಳಿನಲ್ಲಿ "ನನಗ ಗೊತ್ತಿಲ್ಲ" ಎಂಬ ಮಾತು ಆಕೆಯ ಬಾಯಿಂದ ಬಂದದ್ದನ್ನು ಕೇಳಿದವರು ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಅದರ ಬಗ್ಗೆ ಆಕೆಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಇಂಥ ಸುನಂದಾಳ ಮನೆಯಲ್ಲಿ ಮೂರು ತಿಂಗಳಿಂದ ಜೇಡಗಳು ರಾಜಾರೋಷವಾಗಿ ಬಲೆ ಕಟ್ಟಿಕೊಂಡಿದ್ದವು. ಕಾರಣ ಮಗಳು ಪ್ರಿಯದರ್ಶಿನಿ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದ ಆ ಹುಡುಗಿ ಕಾಲೇಜಿನ ಪ್ರಾಜೆಕ್ಟಿಗೆ ಮನೆಯೊಳಗಿನ ಜೇಡಗಳನ್ನೇ ಆರಿಸಿಕೊಂಡು ಬಂದಿದ್ದಳು. ಪ್ರತಿ ಬಲೆಯ ಪಕ್ಕದಲ್ಲೂ ಗೋಡೆಗೆ ಒಂದು ಚೀಟಿ, ಚೀಟಿಯ ಮೇಲೆ ನಂಬರು. ಒಟ್ಟು ಇಪ್ಪತ್ತಮೂರು. ಬಚ್ಚಲಿನ ಮೂಲೆಯ ಉದ್ದ ಕಾಲಿನದು ಮೂರನೇ ನಂಬರು. ಯಾರಾದರೂ ಉಫ್ ಎಂದರೆ ಸಾಕು, ಚಳಿಜ್ವರ ಬಂದವರ ಹಾಗೆ ಬಲೆಸಮೇತ ಗಡಗಡ ಅಲ್ಲಾಡುತ್ತಿತ್ತು. ಅಂಗಳದಲ್ಲಿ ಬಿಲ್ವಪತ್ರೆ ಗಿಡಕ್ಕೂ ಬಟ್ಟೆ ಒಣಹಾಕುವ ಹಗ್ಗಕ್ಕೂ ನಡುವೆ ದುಂಡನೆಯ ಬಲೆ ಹೆಣೆಯುವುದು ಹನ್ನೊಂದನೆಯದು. ಅದು ಹಳೆಯ ಬಲೆಯನ್ನು ತಾನೇ ತಿಂದು ಮತ್ತೆ ಹೊಸದು ಕಟ್ಟುತ್ತದೆ ಎಂದು ಮಗಳು ಹೇಳಿದಾಗ ಸುನಂದಾ ಕೂಡ "ಅಯ್ಯ, ಇದರ ಜೀವ ನೋಡು!" ಎಂದು ಬೆರಗಾಗಿದ್ದಳು. ಪಡಸಾಲೆಯಲ್ಲಿ ಯಜಮಾನನ ಮಂಚದ ಮೇಲೆ, ತೊಲೆಯ ಸಂದಿಯಲ್ಲಿದ್ದದ್ದು ಏಳು.

"ಈ ತಿಂಗಳ ಆಖರಿ ತನಕ ಅಷ್ಟೇ," ಎಂದು ಸುನಂದಾ ಕರಾರು ಮಾಡಿದ್ದಳು. "ನಿಮ್ಮ ಮೇಡಂ ಬಂದು ನೋಡಿ ಹೋದ ಮ್ಯಾಲ ಒಂದು ಜ್ಯಾಡ ಉಳಸಂಗಿಲ್ಲ ನಾ. ಮಂದಿ ನೋಡಿದ್ರ ಏನಂತಾರ? ಸುನಂದಾನ ಮನ್ಯಾಗ ಕಸ ಹೊಡಿಯೋರು ಗತಿ ಇಲ್ಲೇನು ಅಂತಾರ."

ಸುನಂದಾಳ ಗಂಡ ಅಮರನಾಥ ಕಡಿಮೆ ಮಾತಿನ ಮನುಷ್ಯ. ದೇವರು ಆ ಮನೆಯ ಮಾತೆಲ್ಲ ಹೆಂಡತಿಗೆ ಕೊಟ್ಟು, ಗಂಡನಿಗೆ ಬರೀ ಕಣ್ಣು ಕೊಟ್ಟಿದ್ದಾನೆ ಎಂದು ಗೆಳೆಯರು ಚೇಷ್ಟೆ ಮಾಡುತ್ತಿದ್ದರು. ನೆಹರು ಗಂಜಿನ ಕಾಳಿನ ಪೇಟೆಯಲ್ಲಿ ತೊಗರಿ ನೋಡಿ ಅದರ ದರ್ಜೆ ಹೇಳುವುದು ಅವನ ಕೆಲಸ. ರಾಶಿಯಿಂದ ಒಂದು ಹಿಡಿ ಎತ್ತಿ, ಅಂಗೈ ಮೇಲೆ ಹರವಿ ಬೆಳಕಿಗೆ ಹಿಡಿದನೆಂದರೆ ಮುಗಿಯಿತು. ಯಾವ ಸೀಮೆಯ ಮಣ್ಣಿನದು, ಕೊಯ್ಲಿನ ಹೊತ್ತಿಗೆ ಮಳೆ ಬಿದ್ದಿತ್ತೇ, ಒಳಗೆ ಹುಳ ಹೊಕ್ಕಿದೆಯೇ, ಗಿರಣಿಗೆ ಹಾಕಿದರೆ ಬೇಳೆ ಎಷ್ಟು ನುಚ್ಚು ಎಷ್ಟು, ಎಲ್ಲ ಹೇಳಿಬಿಡುವನು. ಮಷೀನು ಬಂದ ಮೇಲೂ ಗಂಜಿನವರು ಮೊದಲು ಮಷೀನಿನ ಚೀಟಿ ನೋಡಿ, ಆಮೇಲೆ ಅಮರನಾಥನ ಮುಖ ನೋಡುತ್ತಿದ್ದರು. ಆ ಎರಡು ಕಣ್ಣಿನ ಮೇಲೆಯೇ ಮನೆ ನಡೆದಿತ್ತು, ಅವನ ಮರ್ಯಾದೆಯೂ ನಿಂತಿತ್ತು.

ಸಂಕ್ರಾಂತಿ ಕಳೆದು ಹೊಸ ತೊಗರಿ ಗಂಜಿಗೆ ಬೀಳುವ ಕಾಲ. ಬೆಳಗಿನಿಂದ ಸಂಜೆವರೆಗೆ ನಿಂತು ನಿಂತು ಅವನು ಸೋತು ಮನೆಗೆ ಬರುತ್ತಿದ್ದ. ಮಂಗಳವಾರ ಹಣೆಯ ಬಲಗಡೆ ಸುಡುತ್ತಿದೆ ಎಂದ. ಬುಧವಾರ ಬಾಚಣಿಗೆ ತಾಗಿದರೂ ನೋವು ಎಂದ. ಬಿಸಿಲಿನದು ಎಂದು ಸುನಂದಾ ಈರುಳ್ಳಿ ಅರೆದು ಹಚ್ಚಿದಳು.

ಗುರುವಾರ ಬೆಳಿಗ್ಗೆ ಜಳಕ ಮುಗಿಸಿ ಲಿಂಗಪೂಜೆಗೆ ಕುಳಿತವನು, ವಿಭೂತಿ ಹಚ್ಚಲು ಹಣೆಗೆ ಬೆರಳು ತಾಗಿಸಿದ್ದೇ ತಡ, "ಹಾ!" ಎಂದು ಕೈ ಹಿಂದಕ್ಕೆ ಎಳೆದುಕೊಂಡ. ಸುನಂದಾ ಓಡಿಬಂದಳು. ಹಣೆಯ ಬಲಭಾಗ ಕೆಂಪಗೆ ಉಬ್ಬಿ, ನೀರು ತುಂಬಿದ ಗುಳ್ಳೆಗಳು ಗುಂಪುಗುಂಪಾಗಿ ಎದ್ದಿದ್ದವು. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ, ಮೂಗಿನ ತುದಿಯಲ್ಲೂ ಎರಡು. ಎಡಗಡೆ ಒಂದೂ ಇರಲಿಲ್ಲ.

ಆಕೆ ಗಂಡನ ಮುಖ ಬಿಟ್ಟು ನೇರ ಮಂಚದ ಹತ್ತಿರ ಹೋದಳು. ತಲೆ ಎತ್ತಿ ನೋಡಿದಳು. ಏಳನೇ ನಂಬರಿನ ಬಲೆಯಿಂದ ಒಂದು ಎಳೆ ಇಳಿದು ಬಂದು, ದಿಂಬಿಗೆ ಒಂದು ಗೇಣು ಮೇಲೆ ತೂಗಾಡುತ್ತಿತ್ತು. ಇನ್ನೇನು ಸಾಕ್ಷಿ ಬೇಕು?

"ಜ್ಯಾಡ ಉಚ್ಚಿ ಹೊಯ್ದದ!" ಎಂದು ಕೂಗಿದಳು. "ನನ್ನ ಮನ್ಯಾಗ, ನನ್ನ ಗಂಡನ ಮಾರಿ ಮ್ಯಾಲ! ಪ್ರಿಯಾ, ಬಾ ಇಲ್ಲಿ. ಬಂದು ನೋಡು ನಿನ್ನ ಏಳನೇ ನಂಬರ ಏನು ಮಾಡ್ಯಾದ."

ಪ್ರಿಯದರ್ಶಿನಿ ಬಂದು ಅಪ್ಪನ ಮುಖ ಹತ್ತಿರದಿಂದ ನೋಡಿದಳು. ಮೊಬೈಲು ತೆಗೆದು ಏನೋ ಹುಡುಕಿದಳು, ಮತ್ತೆ ನೋಡಿದಳು. ಅವಳ ಬಣ್ಣವೇ ಬದಲಾಯಿತು.

"ಅವ್ವ, ಇದು ಜ್ಯಾಡದ್ದಲ್ಲ. ನೋಡಿಲ್ಲಿ, ಗುಳ್ಳಿ ಎಲ್ಲಾ ಬಲಕ್ಕಷ್ಟೇ ಅದಾವ. ಹಣಿ ನಡುವ ಗೆರಿ ಎಳದಂಗ ನಿಂತಾವ. ಜ್ಯಾಡಕ್ಕ ಗೆರಿ ಗೊತ್ತಿರ್ತದೇನು? ಇದು ನರದ ಬ್ಯಾನಿ. ಸಣ್ಣವರಿದ್ದಾಗ ಅಪ್ಪಗ ಮೈಮ್ಯಾಲ ಅಮ್ಮ ಎದ್ದಿತ್ತಂತಲ್ಲ, ಅದೇ ಒಳಗ ಕುಂತು ಈಗ ಎದ್ದದ. ಮೂಗಿನ ತುದಿಗಿ ಬಂದದಂದ್ರ ಕಣ್ಣಿಗೂ ಹೋಗ್ತದಂತ. ಇವತ್ತೇ ಕಣ್ಣಿನ ಡಾಕ್ಟರಿಗಿ ತೋರಸೂಣು."

"ನಿನ್ನ ಫೋನು ಹೇಳ್ತದೇನು? ನಾ ಹುಟ್ಟಿದಾಗಿಂದ ನೋಡೀನಿ ಈ ಗುಳ್ಳಿ. ಒಂಬತ್ತು ವರ್ಷದಾಕಿ ಇದ್ದಾಗ ನನ್ನ ತುಟಿಗೇ ಆಗಿತ್ತು. ನಮ್ಮ ಕಮಲಾಪುರದ ಮಹಾದೇವಮ್ಮ ಆಯಿ ಮೂರು ಸಲ ಊದಿ, ಜಾಜು ಹಚ್ಚಿದ್ಲು. ಹೂವು ಎತ್ತಿದಂಗ ವಾಸಿ ಆತು."

"ಅವ್ವ, ತುಟಿದು ಬ್ಯಾರೆ. ಇದು ಕಣ್ಣು."

"ಬಾಯಿ ಮುಚ್ಚು! ನಿನ್ನ ಹುಳಾನೇ ನಿಮ್ಮಪ್ಪನ ಕಣ್ಣಿಗಿ ಕುಂತದ. ಹೊಟ್ಟ್ಯಾಗ ಹುಟ್ಟಿದ ಮಗಳಾಗಿ ಅಪ್ಪನ ತಲಿ ಮ್ಯಾಲ ವಿಷ ಸಾಕಿದಿ. ಇವರಿಗೇನರೆ ಆತಂದ್ರ ಅದು ನಿನ್ನಿಂದ, ನೆನಪಿಟ್ಟುಕೋ."

ಹುಡುಗಿ ಹೊಡೆತ ಬಿದ್ದವಳಂತೆ ನಿಂತಳು. ಸುನಂದಾ ಉದ್ದನೆಯ ಬಿದಿರಿನ ಕೋಲಿಗೆ ಕಸಬರಿಗೆ ಕಟ್ಟಿ ಶುರು ಹಚ್ಚಿಕೊಂಡಳು. ಒಂದರಿಂದ ಇಪ್ಪತ್ತಮೂರು. ಮೂರು ತಿಂಗಳ ಕೆಲಸ ಅರ್ಧ ತಾಸಿನಲ್ಲಿ ಕಸದ ಬುಟ್ಟಿ ಸೇರಿತು. ಏಳನೆಯದನ್ನು ನೆಲಕ್ಕೆ ಕೆಡವಿ, ಚಪ್ಪಲಿಯಿಂದ ಎರಡು ಸಲ ಹೊಡೆದಳು. ಪ್ರಿಯದರ್ಶಿನಿ ಅದಾವುದರ ಕಡೆಗೂ ನೋಡಲಿಲ್ಲ. ಅಪ್ಪನ ಹತ್ತಿರ ಕುಳಿತು, "ಅಪ್ಪಾ, ನೀನರೆ ಹೇಳು. ಆಟೋ ತರ್ತೀನಿ, ಹೋಗೂಣು," ಎಂದು ಬೇಡಿಕೊಂಡಳು.

ಅಮರನಾಥ ಹೆಂಡತಿಯ ಕೈಲಿದ್ದ ಕೋಲನ್ನು ನೋಡಿದ, ಮಗಳ ಮುಖ ನೋಡಿದ. "ಇರ್ಲಿ ಬಿಡು ಪ್ರಿಯಾ. ನಿಮ್ಮವ್ವ ಹೇಳ್ದಂಗ ಆಗ್ಲಿ," ಎಂದ. ಮನೆಯಲ್ಲಿ ಜಗಳ ನಿಲ್ಲಿಸಲು ಇಪ್ಪತ್ತೈದು ವರ್ಷದಿಂದ ಅವನು ಆಡುತ್ತಾ ಬಂದ ಮಾತು ಅದೇ ಆಗಿತ್ತು.

ಆದರೆ ಮಹಾದೇವಮ್ಮ ಊದುವುದು ಐತವಾರ ಮಾತ್ರ. ಸುನಂದಾಳ ತವರು ಕಮಲಾಪುರ. ಅಲ್ಲಿನ ಕೂಸುಕುನ್ನಿಗೂ ಅದು ಗೊತ್ತು. ಐತವಾರ ಬಿಟ್ಟು ಬೇರೆ ದಿನ ಊದಿದರೆ ಫಲ ಇಲ್ಲ, ಬ್ಯಾನಿ ತಿರುಗಿ ಬೀಳುತ್ತದೆ ಎಂದು ಸುನಂದಾಳ ತಾಯಿ ಹೇಳುತ್ತಿದ್ದಳು, ತಾಯಿಯ ತಾಯಿಯೂ ಹೇಳುತ್ತಿದ್ದಳು. ಹಾಗಾಗಿ ಭಾನುವಾರದವರೆಗೆ ಪಥ್ಯ. ಮನೆಯಲ್ಲಿ ಒಗ್ಗರಣೆ ಬಂದ್, ಖಾರ ಬಂದ್, ಕಿಟಕಿ ಬಂದ್. ಅಕ್ಕಿ ತೊಳೆದ ನೀರಿನಲ್ಲಿ ಜಾಜು, ಅಂದರೆ ಅಂಗಳ ಸಾರಿಸುವ ಆ ಕೆಂಪು ಮಣ್ಣು ಕಲಸಿ, ಸುನಂದಾ ದಿನಕ್ಕೆ ಮೂರು ಸಲ ಗಂಡನ ಹಣೆಗೆ, ರೆಪ್ಪೆಗೆ ದಪ್ಪಗೆ ಮೆತ್ತಿದಳು. ಪ್ರೀತಿಯಿಂದಲೇ ಮೆತ್ತಿದಳು. ಕೈ ಹಗುರ ಇರಲಿ ಎಂದು ಬಳೆ ತೆಗೆದಿಟ್ಟಿದ್ದಳು, ಅವನು ನರಳಿದರೆ ತಾನೂ ಅಳುತ್ತಿದ್ದಳು.

ಶುಕ್ರವಾರ ಸಂಜೆ ಕಣ್ಣು ಬಾತು ಮುಚ್ಚಿಹೋಯಿತು. ಪ್ರಿಯದರ್ಶಿನಿ ಮತ್ತೆ ಬಾಯಿ ತೆರೆದಳು. ಸುನಂದಾ ಮತ್ತೆ ಮುಚ್ಚಿಸಿದಳು. ಈ ಸಲ ಓಣಿಯವರಿಗೂ ಕೇಳುವ ಹಾಗೆ. ಪಕ್ಕದ ಮನೆಯ ಹೆಂಗಸರು ಬಂದು ನಿಂತು, ಜೇಡ ಸಾಕಿದ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿಹೋದರು. ಆ ರಾತ್ರಿಯ ಊಟಕ್ಕೆ ಮಗಳು ಬರಲಿಲ್ಲ.

ಶನಿವಾರ ಗಂಜಿನಿಂದ ಕರೀಂಸಾಬ್ ಬಂದ. ಹತ್ತೊಂಬತ್ತು ವರ್ಷದಿಂದ ಅಮರನಾಥನ ಜೊತೆಗೇ ಕೆಲಸ ಮಾಡಿದವನು, ತಾಜಸುಲ್ತಾನಪುರದವನು. ಕರವಸ್ತ್ರದಲ್ಲಿ ಒಂದು ಹಿಡಿ ತೊಗರಿ ಕಟ್ಟಿಕೊಂಡು ಬಂದಿದ್ದ.

"ಅಮರ್ ಭಾಯಿ, ನೀವಿಲ್ದೆ ಗಂಜಿನ್ಯಾಗ ಎಲ್ಲಾ ಅಂದಾಧುಂದ್ ನಡದದ. ಇದೊಂದು ನೋಡಿ ಹೇಳ್ರಿ, ನಾಳಿ ಸೌದಾ ಅದ."

ಅಮರನಾಥ ಕಾಳನ್ನು ಅಂಗೈಗೆ ಸುರಿಸಿಕೊಂಡ. ಎಡಗಣ್ಣಿನ ಹತ್ತಿರ ತಂದು ನೋಡಿದ, ಮೂಸಿದ, ಎರಡು ಕಾಳು ಹಲ್ಲಿನಲ್ಲಿ ಕಡಿದು ನೋಡಿದ. ಅವನು ಕಾಳು ಕಡಿದು ನೋಡಿದ್ದನ್ನು ಕರೀಂಸಾಬ್ ಈ ಹತ್ತೊಂಬತ್ತು ವರ್ಷದಲ್ಲಿ ನೋಡಿರಲಿಲ್ಲ. "ಛಲೋ ಅದ. ಸ್ವಲ್ಪ ಹಸಿ ಅದ, ಅಷ್ಟೇ," ಎಂದು ಅಮರನಾಥ ಕೈ ಝಾಡಿಸಿದ.

"ನೋಡಿದ್ಯಾ ಪ್ರಿಯಾ?" ಎಂದಳು ಸುನಂದಾ, ಗೆದ್ದ ದನಿಯಲ್ಲಿ. "ಕಣ್ಣಿಗೇನೂ ಆಗಿಲ್ಲ. ಕರೀಂಸಾಬ್, ನಾಳಿ ಒಂದಿಷ್ಟು ನಿಮ್ಮ ಗಾಡಿ ತರ್ರಿ. ಕಮಲಾಪುರಕ್ಕ ಹೋಗಿ ಊದಿಸ್ಕೊಂಡು ಬಂದುಬಿಡ್ತೀವಿ."

ಕರೀಂಸಾಬ್ ಗೆಳೆಯನ ಮುಖವನ್ನು ಒಂದು ಗಳಿಗೆ ನೋಡಿ, "ಆತ್ರಿ ಭಾಬಿ," ಎಂದಷ್ಟೇ ಹೇಳಿದ. ಕರವಸ್ತ್ರ ಮಡಚಿಕೊಂಡು ಎದ್ದು ಹೋದ.

ಭಾನುವಾರ ಒಂಬತ್ತಕ್ಕೆಲ್ಲ ಅವರು ಕಮಲಾಪುರದಲ್ಲಿದ್ದರು. ಕೆಂಪು ಬಾಳೆಯ ಗೊನೆ ಇಟ್ಟುಕೊಂಡು ರಸ್ತೆ ಬದಿಗೆ ಕೂತವರನ್ನು ದಾಟಿ, ಹಳೆ ಊರಿನ ಒಳಗೆ ಕರೀಂಸಾಬನ ಕಾರು ಹೋಗದ ಕಡೆ ಇಳಿದು ನಡೆದರು. ಸುನಂದಾ ಮುಂದೆ, ಗಂಡ ಅವಳ ಹೆಗಲು ಹಿಡಿದು ಹಿಂದೆ, ಕೊನೆಗೆ ಪ್ರಿಯದರ್ಶಿನಿ. ಮಹಾದೇವಮ್ಮನ ಮನೆಯ ಕಟ್ಟೆ ಮೇಲೆ ಆಗಲೇ ಏಳೆಂಟು ಮಂದಿ ಕುಳಿತಿದ್ದರು. ಮುಖಕ್ಕೆ ಮಣ್ಣು ಮೆತ್ತಿಕೊಂಡು ಬಂದವನನ್ನು ಕಂಡು ಅವರೆಲ್ಲ ತಾವಾಗಿಯೇ ದಾರಿ ಬಿಟ್ಟರು.

ಒಳಗೆ ಹೋದ ಸುನಂದಾ ಮೊದಲು ನೋಡಿದ್ದು ತಲೆ ಮೇಲಿನ ಮಾಡನ್ನು. ಮೂಲೆ ಮೂಲೆಗೂ ಜೇಡರ ಬಲೆ. ಧೂಳು ಹಿಡಿದು ಜೋತುಬಿದ್ದ ಹಳೆಯವು, ನಡುವೆ ಬೆಳ್ಳಗೆ ಹೊಳೆಯುವ ಹೊಸವು, ಗೋಡೆಗೆ ಅಂಟಿಕೊಂಡ ರೂಪಾಯಿ ಅಗಲದ ಬಿಳಿ ಗೂಡುಗಳು. ಉದ್ದ ಕಾಲಿನದೊಂದು ಮುದುಕಿಯ ತಲೆಯ ಮೇಲೆಯೇ ನೇತಾಡುತ್ತಿತ್ತು. ಅದರ ಕೆಳಗೆ ಎಂಬತ್ತು ದಾಟಿದ ಮಹಾದೇವಮ್ಮ ಚಾಪೆ ಹಾಸಿಕೊಂಡು ಕುಳಿತಿದ್ದಳು. ಮುಖದ ಮೇಲೆ ಸುಕ್ಕು ಬಿಟ್ಟರೆ ಒಂದು ಕಲೆಯೂ ಇರಲಿಲ್ಲ.

"ಆಯಿ, ನಾ ಸುನಂದಾ. ಅಗಸಿ ಹತ್ರದ ಮನಿ ಅಣವೀರಪ್ಪನ ಮಗಳು. ಇವರಿಗಿ ಜ್ಯಾಡ ಉಚ್ಚಿ ಹೊಯ್ದದ. ಊದ್ರಿ ಆಯಿ."

ಮುದುಕಿ ಒದ್ದೆ ಬಟ್ಟೆಯಿಂದ ಮಣ್ಣು ಒರೆಸಿದಳು. ಒರೆಸುತ್ತ ಒರೆಸುತ್ತ ಆಕೆಯ ಕೈ ನಿಧಾನವಾಯಿತು. ಎರಡು ಬೆರಳಿನಿಂದ ಅಮರನಾಥನ ರೆಪ್ಪೆ ಬಿಡಿಸಿ ಒಳಗೆ ನೋಡಿದಳು. ಬಿಟ್ಟಳು. ಊದಲಿಲ್ಲ.

"ಯಾವಾಗ ಎದ್ದದ ಇದು?"

"ಬೇಸ್ತವಾರ ಮುಂಜಾನೆ."

"ಮತ್ತ ಇವತ್ಯಾಕ ಬಂದಿ?"

"ನೀವು ಐತವಾರ ಅಷ್ಟೇ ಊದತೀರಲ್ಲ ಆಯಿ. ಬ್ಯಾರೆ ದಿನ ಫಲ ಇಲ್ಲಂತ..."

"ಯಾವ ಹಡಸಿ ಹೇಳಿದ್ಲು ನಿನಗ?" ಮುದುಕಿಯ ದನಿ ಏರಿತು. "ಉಳಿದ ಆರು ದಿನ ನಾ ಬಾಳಿ ತ್ವಾಟಕ್ಕ ಕೂಲಿಗಿ ಹೋಗ್ತಿದ್ನೆವ್ವ! ಐತವಾರ ಒಂದಿನ ಮನ್ಯಾಗ ಇರ್ತಿದ್ದೆ, ಅದಕ್ಕ ಐತವಾರ. ಅದಕ್ಕೂ ಫಲಕ್ಕೂ ಏನದ?"

ಸುನಂದಾಗೆ ಕೇಳಿದ್ದು ಅರ್ಥವಾಗಲು ಹೊತ್ತು ಹಿಡಿಯಿತು. ತಾಯಿ, ತಾಯಿಯ ತಾಯಿ, ಇಡೀ ಕಮಲಾಪುರ, ಅರವತ್ತು ವರ್ಷ ಕೈ ಮುಗಿದುಕೊಂಡು ಕಾದ ಭಾನುವಾರ. ಅದು ಒಬ್ಬ ಕೂಲಿ ಹೆಂಗಸಿನ ರಜೆಯ ದಿನ.

"ಇದು ಜ್ಯಾಡದ್ದಲ್ಲ," ಎಂದಳು ಮಹಾದೇವಮ್ಮ.

ಬಾಗಿಲಲ್ಲಿ ನಿಂತಿದ್ದ ಪ್ರಿಯದರ್ಶಿನಿ ಕಣ್ಣು ಮುಚ್ಚಿಕೊಂಡಳು. ಸುನಂದಾ ಮಾತ್ರ ಇನ್ನೂ ಬಿಡಲಿಲ್ಲ. "ಆಯಿ, ನಾ ಕಣ್ಣಾರೆ ನೋಡೀನಿ. ದಿಂಬಿನ ಮ್ಯಾಗೇ ಎಳಿ ಬಿಟ್ಟಿತ್ತು."

"ಎಳಿ ಬಿಡದೆ ಅದೇನು ಹಗ್ಗ ಹೊಸೀತದ? ಮ್ಯಾಗ ನೋಡು. ನೋಡು! ಜ್ಯಾಡ ಉಚ್ಚಿ ಹೊಯ್ದು ಗುಳ್ಳಿ ಏಳೋದಿದ್ರ ನನ್ನ ಮೈ ಇಷ್ಟೊತ್ತಿಗಿ ಜಾಳಿಗಿ ಆಗಿರ್ತಿತ್ತು. ಅವು ಪಾಪ, ಸೊಳ್ಳಿ ಹಿಡ್ಕೊಂಡು ಬಿದ್ದಿರ್ತಾವ. ಮಂದಿ ಬಂದು ಜ್ಯಾಡ ಅಂತಾರ, ನಾ ಹೂಂ ಅಂತೀನಿ. ಯಾಕ, ಅಲ್ಲ ಅಂದ್ರ ನಂಬ್ತಾರೇನು?"

"ನನ್ನ ತುಟಿದು... ನೀವೇ ಊದಿ ವಾಸಿ ಮಾಡಿದ್ರಿ."

"ಊದಿದ್ದು ನಾ, ವಾಸಿ ಮಾಡಿದ್ದು ಏಳು ದಿನ. ತುಟಿ ಗುಳ್ಳಿ ಊದಿದ್ರೂ ಆರ್ತದ, ಊದದಿದ್ರೂ ಆರ್ತದ. ನಾಲ್ಕು ವರ್ಷದ ಹಿಂದ ಹಿಂಗೇ ಒಬ್ಬಾಕಿ ಬಂದಿದ್ಲು, ಹಣಿ ತುಂಬ ಇಂಥಾವೇ. ನಾ ಊದಿ ಕಳಿಸಿದೆ. ಆಕಿ ಕಣ್ಣು ಹೋತು." ಮುದುಕಿಯ ಧ್ವನಿ ತಗ್ಗಿತು. "ಅವತ್ತಿಂದ ಗಲ್ಲದ ಮ್ಯಾಲಿಂದು ನಾ ಮುಟ್ಟಂಗಿಲ್ಲ. ಬಂದವರಿಗೆಲ್ಲ ನಿಂತ ಕಾಲಮ್ಯಾಲ ದವಾಖಾನಿಗಿ ಹೋಗ್ರಿ ಅಂತೀನಿ. ನಿನಗೂ ಅಂತಿದ್ದೆ. ಒಂದು ಫೋನರೆ ಮಾಡಬಾರದೇನು? ಇಲ್ಲೇ ಅದ ನೋಡು ನನ್ನ ಫೋನು."

ಚಾಪೆಯ ಅಂಚಿನಲ್ಲಿ ಒಂದು ಸಣ್ಣ ಫೋನು ಚಾರ್ಜಿಗೆ ಹಾಕಿತ್ತು. ಸುನಂದಾ ಅದನ್ನೇ ನೋಡುತ್ತ ನಿಂತಳು. ಫೋನು ಮಾಡಿ ಕೇಳಬಹುದು ಎಂಬ ಯೋಚನೆ ಆಕೆಯ ತಲೆಗೆ ಈ ಮೂರು ದಿನದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಕೇಳಲು ಏನಿತ್ತು? ಆಕೆಗೆ ಎಲ್ಲ ಗೊತ್ತಿತ್ತಲ್ಲ.

"ಇನ್ನಾ ಯಾಕ ನಿಂತೀರಿ? ನಡೀರಿ!" ಎಂದು ಮುದುಕಿ ನೆಲಕ್ಕೆ ಕೈ ಬಡಿದಳು. ಪ್ರಿಯದರ್ಶಿನಿ ಆಗಲೇ ಅಪ್ಪನ ಕೈ ಹಿಡಿದು ಹೊರಗೆ ನಡೆದಿದ್ದಳು.

ಕಲಬುರಗಿಗೆ ಮರಳುವ ದಾರಿಯಲ್ಲಿ ಕರೀಂಸಾಬ್ ಕಾರನ್ನು ಹೇಗೆ ಓಡಿಸಿದನೋ ಅವನಿಗೇ ಗೊತ್ತು. ಮುಂದಿನ ಸೀಟಿನಲ್ಲಿ ಕುಳಿತ ಪ್ರಿಯದರ್ಶಿನಿ ಮೂರು ಕಡೆ ಫೋನು ಮಾಡಿ, ಭಾನುವಾರವೂ ಡಾಕ್ಟರು ಸಿಗುವ ಕಣ್ಣಿನ ಆಸ್ಪತ್ರೆ ಹುಡುಕಿದಳು. ಎಂದಿನಿಂದ, ಎಲ್ಲೆಲ್ಲಿ ಗುಳ್ಳೆ, ಏನು ಹಚ್ಚಿದ್ದಾರೆ, ಎಲ್ಲವನ್ನೂ ಒಂದೂ ತಪ್ಪದೆ ಹೇಳಿದಳು. "ನಮ್ಮವ್ವ ಮಾಡಿದ್ದು" ಎಂದು ಮಾತ್ರ ಎಲ್ಲೂ ಹೇಳಲಿಲ್ಲ. ಹಿಂದೆ ಕುಳಿತ ಸುನಂದಾ ಮಗಳ ಜಡೆಯನ್ನು ನೋಡುತ್ತಿದ್ದಳು.

ಗಂಡನ ಕಡೆ ಬಾಗಿ, "ಕಾಣ್ತದಲ್ರಿ? ಒಂದಿಷ್ಟರೆ ಕಾಣ್ತದಲ್ಲ?" ಎಂದು ಪಿಸುಗುಟ್ಟಿದಳು.

"ಕಾಣ್ತದ, ಕಾಣ್ತದ. ಬಾವು ಅದ, ಅದಕ್ಕ ಮುಚ್ಚ್ಯಾದ ಅಷ್ಟೇ," ಎಂದ ಅಮರನಾಥ. ಆ ಮಾತನ್ನು ಸುನಂದಾ ಗಟ್ಟಿಯಾಗಿ ಹಿಡಿದುಕೊಂಡಳು. ಕಂಡರೆ ಸಾಕು, ಬಾಕಿದ್ದೆಲ್ಲ ಸರಿಹೋಗುತ್ತದೆ ಎಂದು ಮನಸ್ಸಿನಲ್ಲೇ ನೂರು ಸಲ ಹೇಳಿಕೊಂಡಳು.

ಆಸ್ಪತ್ರೆಯಲ್ಲಿದ್ದವರು ಡಾಕ್ಟರ್ ಮಜರ್, ನಡುವಯಸ್ಸಿನವರು, ತಾಳ್ಮೆಯ ಮನುಷ್ಯ. ನರ್ಸು ಜಾಜಿನ ಕೊನೆಯ ಕೆಂಪನ್ನೂ ತೊಳೆದು, ಕಣ್ಣಿಗೆ ಔಷಧದ ಹನಿ ಹಾಕಿ, ನಿಧಾನಕ್ಕೆ ರೆಪ್ಪೆ ಬಿಡಿಸಿದಳು. ಎದುರಿನ ಗೋಡೆಗೆ ಅಕ್ಷರಗಳ ಹಲಗೆ ತೂಗುಹಾಕಿತ್ತು. ಮೊದಲು ಎಡಗಣ್ಣು. ಅಮರನಾಥ ಮೇಲಿನಿಂದ ಕೆಳಗಿನವರೆಗೆ ಸರಸರ ಓದಿದ. ಆಮೇಲೆ ಡಾಕ್ಟರು ಒಂದು ಕಪ್ಪು ಮುಚ್ಚಳ ಕೊಟ್ಟು, ಎಡಗಣ್ಣಿಗೆ ಹಿಡಿದುಕೊಳ್ಳಲು ಹೇಳಿದರು.

"ಈಗ ಬಲಗಣ್ಣಿಲೆ ಓದ್ರಿ. ಆರಾಮಸೆ, ಅವಸರ ಇಲ್ಲ."

"ರ... ಗ... ಟ... ಲ... ಪ," ಎಂದ ಅಮರನಾಥ. ಎರಡನೇ ಸಾಲು, ಮೂರನೇ ಸಾಲು. ಒಂದೂ ತಪ್ಪಲಿಲ್ಲ.

"ಶಿವಾ! ಶಿವಾ!" ಸುನಂದಾಳ ಕಣ್ಣಿಂದ ದಳದಳ ನೀರು ಇಳಿಯಿತು. "ಉಳೀತು! ಪ್ರಿಯಾ, ಕೇಳಿದ್ಯಾ, ಕಣ್ಣು ಉಳೀತು!" ಗುರುವಾರದಿಂದ ಮುಟ್ಟದ ಮಗಳ ಕೈಯನ್ನು ಗಬಕ್ಕನೆ ಹಿಡಿದುಕೊಂಡಳು. ಆ ಕೈ ಕಟ್ಟಿಗೆಯಂತೆ ಬಿಗಿದಿತ್ತು. ಮಗಳು ಡಾಕ್ಟರನ್ನೇ ನೋಡುತ್ತಿದ್ದಳು, ಡಾಕ್ಟರು ಅಮರನಾಥನ ಕಣ್ಣನ್ನು.

ಡಾಕ್ಟರು ಮಾತಾಡದೆ ನರ್ಸಿಗೆ ಕೈಸನ್ನೆ ಮಾಡಿದರು. ಆಕೆ ಹೆಜ್ಜೆ ಸಪ್ಪಳವಿಲ್ಲದೆ ಹೋಗಿ, ಹಲಗೆಯನ್ನು ಗೋಡೆಗೆ ಮುಖ ಮಾಡಿ ತಿರುವಿದಳು. ಈಗ ಕಾಣುತ್ತಿದ್ದದ್ದು ಹಲಗೆಯ ಬೆನ್ನು. ಬರೀ ಕಂದು ಬಣ್ಣ, ಒಂದು ಅಕ್ಷರವೂ ಇಲ್ಲ.

"ಇನ್ನೊಮ್ಮೆ ಓದ್ರಿ, ಅಮರನಾಥ್ ಅವರೇ."

"ರ... ಗ... ಟ... ಲ... ಪ," ಎಂದ ಅಮರನಾಥ.

ಸುನಂದಾ ಹಲಗೆಯ ಬೆನ್ನು ನೋಡಿದಳು, ಗಂಡನ ಬಾಯಿ ನೋಡಿದಳು. ಅವನು ಎರಡನೇ ಸಾಲು ಓದುತ್ತಿದ್ದ. ಎಡಗಣ್ಣಿನಿಂದ ನೋಡಿ ಬಾಯಿಪಾಠ ಮಾಡಿಕೊಂಡಿದ್ದನ್ನು, ಪರೀಕ್ಷೆಗೆ ನಿಂತ ಮಗುವಿನ ಶ್ರದ್ಧೆಯಿಂದ ಒಪ್ಪಿಸುತ್ತಿದ್ದ.

"ಸಾಕ್ರಿ," ಎಂದರು ಡಾಕ್ಟರು ಮೆಲ್ಲಗೆ. "ಹಲಗಿ ತಿರುವೀವಿ. ಅಲ್ಲೇನೂ ಇಲ್ಲ."

ಅಮರನಾಥ ಓದುವುದನ್ನು ನಿಲ್ಲಿಸಿದ. ತಲೆ ತಗ್ಗಿಸಿದ.

"ಯಾವಾಗಿಂದ ಕಾಣವಲ್ದು?"

"ಶುಕ್ರವಾರ ಮಧ್ಯಾಹ್ನದಿಂದ ಮಬ್ಬ ಆತ್ರಿ. ನಿನ್ನಿಗಿ ಪೂರಾ. ಬೆಳಕು ತಿಳೀತದ, ಅಷ್ಟೇ."

"ಮನ್ಯಾಗ ಯಾಕ ಹೇಳ್ಲಿಲ್ಲ?"

ಅವನು ಕೋಪವಿಲ್ಲದೆ, ಗಂಜಿನಲ್ಲಿ ತೊಗರಿಯ ದರ್ಜೆ ಹೇಳುವ ದನಿಯಲ್ಲೇ ಹೇಳಿದ: "ಹೇಳಿದ್ರ ಇಕಿ ನನ್ನ ಮಗಳ ಜೀವ ತಿಂತಿದ್ಳರಿ. ನಿನ್ನ ಹುಳದಿಂದೇ ಅಪ್ಪನ ಕಣ್ಣು ಹೋತು ಅಂತ ಹುಡುಗಿ ಸಾಯೂತನ ಕೇಳಬೇಕಾಗ್ತಿತ್ತು. ಐತವಾರದ ತನಕ ತಡಕೊಂಡ್ರ ಕಣ್ಣು ತಾನೇ ತಿಳಿ ಆಗಬಹುದು ಅಂದ್ಕೊಂಡೆ."

ಪ್ರಿಯದರ್ಶಿನಿ ಗೋಡೆಗೆ ಆತು ಬಿಕ್ಕಿದಳು. ಡಾಕ್ಟರು ಕೇಳಿದರು: "ಮತ್ತ ಈಗ್ಯಾಕ ಸುಳ್ಳು ಓದಿದ್ರಿ?"

"ಈಗ ತಪ್ಪು ತನ್ನದೇ ಅಂತ ಇಕಿಗಿ ತಿಳದದಲ್ರಿ. ಇಕಿ ತಡಕೊಳ್ಳಂಗಿಲ್ಲ."

ಸುನಂದಾ ಬಾಯಿಗೆ ಸೆರಗು ಒತ್ತಿಕೊಂಡಳು. ಕಣ್ಣು ತೆಗೆದದ್ದು ಬರೀ ಜಾಜಲ್ಲ, ಬರೀ ಭಾನುವಾರವಲ್ಲ. ತನ್ನ ಬಾಯಿಗೆ ಹೆದರಿ ಅವನು ಬಾಯಿ ಮುಚ್ಚಿಕೊಂಡಿದ್ದ. ಶುಕ್ರವಾರ ಮಧ್ಯಾಹ್ನ ಹೇಳಿದ್ದರೆ, ಹೇಳುವಂಥ ಹೆಂಡತಿ ತಾನಾಗಿದ್ದರೆ, ಎಂದು ನೆನೆದಾಗ ಆಕೆಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಡಾಕ್ಟರು ಕಾಗದ ಎಳೆದುಕೊಂಡರು. "ಇವರಿಗಿ ಇಲ್ಲೇ ದವಾಖಾನ್ಯಾಗ ಭರ್ತಿ ಮಾಡ್ಕೋತೀವಿ. ಔಷಧ ಈಗಲೇ ಶುರು. ಗುಳ್ಳಿ ಎದ್ದ ದಿನಾನೇ ಬಂದಿದ್ರ ಮಾತೇ ಬ್ಯಾರೆ ಇತ್ತು. ಎಷ್ಟು ನಜರ್ ವಾಪಸ್ ಬರ್ತದೋ ನಾ ಹೇಳಂಗಿಲ್ಲ. ಪೂರಾ ಬರ್ತದಂತ ಹೇಳಿದ್ರ ಸುಳ್ಳಾಗ್ತದ." ಪೆನ್ನು ಎತ್ತಿ, "ತಡ ಯಾಕಾತಂತ ಬರೀಲಿ?" ಎಂದು ಕೇಳಿದರು.

"ಗಂಜಿನ್ಯಾಗ ಸೀಜನ್ ಇತ್ತರಿ," ಎಂದು ಅಮರನಾಥ ತಟ್ಟನೆ ಶುರುಮಾಡಿದ. "ನಾನೇ ಕೆಲಸ ಬಿಟ್ಟು ಬರ್ಲಿಲ್ಲ..."

"ಸುಳ್ಳರಿ!" ಎಂದಳು ಸುನಂದಾ. ದನಿ ಒಡೆದು ಹೋಗಿತ್ತು. "ಮಗಳು ಮೊದಲ ದಿನಾನೇ ಹೇಳಿದ್ಲು, ಇವತ್ತೇ ಹೋಗೂಣು ಅಂತ. ನಾ ಬಿಡ್ಲಿಲ್ಲ. ನನಗ ಗೊತ್ತಿರಲಿಲ್ರಿ. ಗೊತ್ತಿಲ್ದೆ ಗೊತ್ತದ ಅಂದೆ. ಹೆಣ್ತಿ ಬಿಡ್ಲಿಲ್ಲ ಅಂತ ಬರೀರಿ."

ಡಾಕ್ಟರು ಆಕೆಯನ್ನು ಒಮ್ಮೆ ನೋಡಿ, ಕಾಗದದ ಮೇಲೆ ತಾರೀಖು ಮಾತ್ರ ಬರೆದರು. ಎಡಗಣ್ಣಿನ ಮುಚ್ಚಳವನ್ನು ಕುರ್ಚಿಯಲ್ಲಿ ಕುಳಿತ ಅಮರನಾಥ ಇನ್ನೂ ಹಾಗೇ ಹಿಡಿದುಕೊಂಡಿದ್ದ. ತೆಗೆಯಿರಿ ಎಂದು ಹೇಳಲು ಎಲ್ಲರೂ ಮರೆತಿದ್ದರು. ಹೆಂಡತಿಯ ದನಿ ಬಂದ ಕಡೆ ಮುಖ ತಿರುಗಿಸಿ, ಇನ್ನೊಂದು ಕೈಯನ್ನು ಗಾಳಿಯಲ್ಲಿ ಆಡಿಸಿದ.

"ಸುನಂದಾ," ಎಂದ. "ಅಳಬ್ಯಾಡ. ನೀ ಎಲ್ಲಿ ನಿಂತಿದ್ದಿ?"

ಆಕೆ ಅವನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ಅವನ ಬಲಗಣ್ಣಿನ ಎದುರಿಗೇ ನಿಂತಿದ್ದಳು.